ಕುಲುಕದ ಕಾರು

ನನ್ನನ್ನು ಮಾಡಿ ಮುಗಿಸಿದ ದಿನ ನನ್ನ ಹಿಂದಿನ ಸೀಟಿನ ಮೇಲೆ ಅಂಚಿನವರೆಗೆ ನೀರು ತುಂಬಿದ ಒಂದು ಬೋಗುಣಿಯನ್ನು ಇಟ್ಟರು. ಬಿಳಿ ಮೀಸೆಯ ಮುದುಕನೊಬ್ಬ ನನ್ನನ್ನು ಕಲ್ಲು ಹಾಸಿದ ಬೀದಿಯಲ್ಲಿ ಎರಡು ಮೈಲಿ ಓಡಿಸಿದ. ಹಿಂದಿರುಗಿ ಬಂದು ಬಾಗಿಲು ತೆರೆದು, ಸೀಟನ್ನು ಅಂಗೈಯಿಂದ ಸವರಿ ನೋಡಿದ. ಅಂಗೈ ಒದ್ದೆಯಾಗಲಿಲ್ಲ. ಅವನು ತಲೆಯಾಡಿಸಿದ. ನನ್ನ ಹಣೆಗೆ ಹಿತ್ತಾಳೆಯ ಹೆಸರಿನ ಫಲಕ ಬಂದದ್ದು ಅದಾದ ಮೇಲೆಯೇ.

ಆಲ್ಡರ್ಟನ್ ಎಂಬುದು ಆ ಹೆಸರು. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಕುದುರೆಗಾಡಿಗಳಿಗೆ ಪಾಟಾ ಮಾಡಿಕೊಡುತ್ತಿದ್ದ ಕಮ್ಮಾರನೊಬ್ಬ ಆ ಕಂಪನಿಯನ್ನು ಕಟ್ಟಿದ್ದ. ಪಾಟಾ ಅಂದರೆ ಗಾಡಿಯ ಕೆಳಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಗಾಲಿಗೆ ತಗಲಿದ ಪೆಟ್ಟನ್ನು ಕೂತವರಿಗೆ ತಗಲದಂತೆ ತಾವೇ ನುಂಗಿಕೊಳ್ಳುವಂಥವು. ಆ ಕಮ್ಮಾರನಿಗೆ ವೇಗದ ಹುಚ್ಚು ಇರಲಿಲ್ಲ. ಕಾರು ಸದ್ದು ಮಾಡಬಾರದು, ಕುಲುಕಬಾರದು, ಅಷ್ಟೇ ಅವನ ಹಟ. ವರ್ಷಕ್ಕೆ ನೂರು ಕಾರುಗಳನ್ನೂ ಮಾಡುತ್ತಿರಲಿಲ್ಲ. ಅದರಿಂದಲೇ ಹೆಸರು ಬೆಳೆಯಿತು. ಆಲ್ಡರ್ಟನ್ ಬಾಗಿಲಿಗೆ ಬಂದು ನಿಂತರೂ ಮನೆಯ ನಾಯಿಗೆ ಗೊತ್ತಾಗುವುದಿಲ್ಲವಂತೆ ಎಂದು ದೊಡ್ಡ ಮನೆತನಗಳವರು ಹೇಳಿಕೊಳ್ಳುತ್ತಿದ್ದರು.

ಆ ಮಾತು ಮುಂಬಯಿಯ ಹತ್ತಿ ಪೇಟೆಯವರೆಗೂ ಬಂದಿತ್ತು. ಅಲ್ಲಿ ಅದನ್ನು ಕೇಳಿದವರು ಗದಗಿನ ಅರಳೆ ವ್ಯಾಪಾರಿ ಗುರುಶಾಂತಪ್ಪ ಅಂಕಲಿಯವರು. ಹೀಗೆ ನಾನು ಸಮುದ್ರ ದಾಟಿ ಗದಗಿಗೆ ಬಂದೆ. ಸುಮಾರು ಸಾವಿರದ ಒಂಬೈನೂರ ಮೂವತ್ತಾರರ ಮಾತು.

ಗುರುಶಾಂತಪ್ಪನವರು ನನ್ನನ್ನು ತಂದದ್ದು ಊರ ಜನ ನೋಡಲಿ ಎಂದು. ಆದರೆ ನನ್ನ ಸದ್ದೇ ಇಲ್ಲದ್ದರಿಂದ ಪೇಟೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎಮ್ಮೆಗಳೂ ದಾರಿ ಬಿಡಲಿಲ್ಲ. ಮೂರನೆಯ ದಿನ ಅವರು ಚಾಲಕ ಹುಸೇನಸಾಬನಿಗೆ ಹೇಳಿದರು:

"ಹುಸೇನಾ, ಇದು ಬಂದದ್ದ ಮಂದಿಗೆ ತಿಳಿವಲ್ದು. ಹಾರ್ನ್ ಒತ್ತಕೋತ ಹೊಡಿ."

ಆ ದೊಡ್ಡ ಕಂಪನಿಯ ಮೌನವನ್ನು ಹುಸೇನಸಾಬ ಹಾರ್ನ್ ಹೊಡೆದು ಹೊಡೆದು ಊರಿಗೆ ಸಾರಿದ.

ನನ್ನ ಜೊತೆ ಒಂದು ಪುಸ್ತಕವೂ ಬಂದಿತ್ತು. ಕಂಪನಿಯ ಕೆಲಸಗಾರರಲ್ಲದೆ ಬೇರೆ ಯಾರೂ ಬಾನೆಟ್ಟು ತೆರೆಯಕೂಡದು ಎಂದು ಅದರ ಮೊದಲ ಪುಟದಲ್ಲೇ ಬರೆದಿತ್ತು. ಹುಸೇನಸಾಬನಿಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಬಂದ ವಾರದಲ್ಲೇ ತೆರೆದು, ಒಳಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ, "ಮಸ್ತ್ ಮಾಡ್ಯಾರ" ಎಂದು ಮುಚ್ಚಿದ. ಕೂಸಿನ ಕಿವಿಯ ಹಿಂದೆ ಒರೆಸುವ ಕೈಯಂತೆ ಇತ್ತು ಅವನ ಕೈ.

ನಾನು ಜನರನ್ನು ಕಾಣುವುದು ಕೆಳಗಿನಿಂದ. ಮುಖಕ್ಕಿಂತ ಮೊದಲು ಅವರ ಭಾರ ನನಗೆ ತಿಳಿಯುತ್ತದೆ. ಕೋಪದಲ್ಲಿ ಹತ್ತಿದವರ ಭಾರ ಬೇರೆ, ದಣಿದು ಹತ್ತಿದವರದು ಬೇರೆ. ಗುರುಶಾಂತಪ್ಪನವರ ಮಗಳು ನೀಲವ್ವ ನನ್ನನ್ನು ಹತ್ತಿದಾಗ, ಅಷ್ಟು ಜೋಪಾನದ ಭಾರವನ್ನು ನಾನು ಅದುವರೆಗೆ ಹೊತ್ತಿರಲಿಲ್ಲ. ಅವಳಿಗೆ ಕುಬಸ ಮಾಡಿದ್ದರು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಹೆರಿಗೆಗೆಂದು ತವರಿಗೆ ಕಳುಹಿಸುವ ಪದ್ಧತಿ ಅದು. ನರಗುಂದದ ಗಂಡನ ಮನೆಯಿಂದ ಗದಗಿಗೆ ಬರುವ ರಸ್ತೆ ಆಗ ಬರೀ ತಗ್ಗುದಿಣ್ಣೆ. ಎತ್ತಿನ ಗಾಡಿಯಲ್ಲಿ ಕುಲುಕಿ ಕುಲುಕಿ ದಾರಿಯಲ್ಲೇ ನೋವು ಕಂಡವರ ಕಥೆಗಳನ್ನು ಕೇಳಿ ಆ ಹುಡುಗಿ ಹೆದರಿದ್ದಳು. ಹುಸೇನಸಾಬ ನನ್ನನ್ನು ನಡಿಗೆಯ ವೇಗದಲ್ಲಿ ನಡೆಸಿದ. ಎರಡನೆಯ ಊರು ದಾಟುವಷ್ಟರಲ್ಲಿ ನೀಲವ್ವ ನಿದ್ದೆ ಹೋಗಿದ್ದಳು.

ಆ ನಿದ್ದೆಯ ಸುದ್ದಿ ಹೆಂಗಸರ ಬಾಯಿಂದ ಬಾಯಿಗೆ ಹೋಯಿತು. ನೆರೆಯವರು ಕೇಳಿದರು, ಆಮೇಲೆ ನೆರೆಯವರ ಬೀಗರು ಕೇಳಿದರು. ಗುರುಶಾಂತಪ್ಪನವರಿಗೆ ಮೊದಮೊದಲು ಕಸಿವಿಸಿಯಾಯಿತು. ಆದರೆ ಬಸುರಿಯ ಹೆಸರು ಹೇಳಿ ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಲಾರ್ಡುಗಳ ಕಾರು ಎಂದು ತಂದ ನನ್ನನ್ನು ಊರು ಕುಬಸದ ಕಾರು ಎಂದು ಕರೆಯಿತು.

ಅದರ ಜೊತೆ ಇನ್ನೊಂದು ರೂಢಿಯೂ ಹುಟ್ಟಿತು. ನನ್ನಲ್ಲಿ ತವರಿಗೆ ಹೋಗಿ ಸುಸೂತ್ರವಾಗಿ ಹೆತ್ತವಳು ಮುಂದಿನ ಆಯುಧಪೂಜೆಗೆ ನನಗೊಂದು ಚೆಂಡುಹೂವಿನ ಹಾರ ಹಾಕುವುದು. ಕೆಲವರು ಒಂದು ವರ್ಷಕ್ಕೆ ನಿಲ್ಲಿಸಿದರು. ಕೆಲವರು ಮಗ ಶಾಲೆಗೆ ಹೋದರೂ, ಮಗಳ ಮದುವೆಯಾದರೂ ಹಾಕುತ್ತಲೇ ಬಂದರು. ಹಾಕಿದ ಹಾರವನ್ನು ಮರುದಿನ ಸಂಜೆ ಬನ್ನಿ ಮುರಿಯುವವರೆಗೆ ತೆಗೆಯುವಂತಿರಲಿಲ್ಲ.

ಗುರುಶಾಂತಪ್ಪನವರು ಹೋದ ಮೇಲೆ ಅವರ ಮಕ್ಕಳು ಹೊಸ ಕಾರು ತಂದರು. ನನ್ನನ್ನು ಹುಸೇನಸಾಬನಿಗೇ ಕೊಟ್ಟುಬಿಟ್ಟರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಕಮ್ಮಾರನ ಮೊಮ್ಮಕ್ಕಳು ಕಂಪನಿಯನ್ನು ಮಾರಿದ್ದರು. ಕೊಂಡವರು ಆಲ್ಡರ್ಟನ್ ಹೆಸರನ್ನು ಅಗ್ಗದ ಕಾರುಗಳಿಗೆ ಹಚ್ಚಿ ಕೆಲವು ವರ್ಷ ನಡೆಸಿ, ಕೊನೆಗೆ ಬಾಗಿಲು ಹಾಕಿದರು. ಐವತ್ತು ವರ್ಷ ಬೋಗುಣಿ ನೀರಿಟ್ಟು ಗಳಿಸಿದ ಹೆಸರು ಐದು ವರ್ಷದಲ್ಲಿ ಹೋಯಿತು. ಇದನ್ನು ಗುರುಶಾಂತಪ್ಪನವರ ಮಗ ಪತ್ರಿಕೆಯಲ್ಲಿ ಓದಿ ಹೇಳಿದಾಗ ಹುಸೇನಸಾಬ ಕೇಳಿದ್ದು ಒಂದೇ ಮಾತು:

"ಅಂದ್ರ ಇನ್ನ ಸಾಮಾನು ಸಿಗೂದಿಲ್ಲ ಅನ್ರಿ."

ಸಿಗಲಿಲ್ಲ. ನನ್ನ ಇಂಜಿನ್ನು ಸತ್ತಾಗ ಅವನು ಹಳೆಯ ಜೀಪಿನ ಇಂಜಿನ್ನು ತಂದು ಕೂಡಿಸಿದ. ಅಂದಿನಿಂದ ನಾನು ಬಂದದ್ದು ಓಣಿಯ ಆಚೆಗೂ ಕೇಳಿಸತೊಡಗಿತು. ಸೀಟು ಬದಲಾಯಿತು, ದೀಪ ಬದಲಾದವು. ಪಾಟಾಗಳನ್ನು ಮಾತ್ರ ಅವನು ಬದಲಿಸಲಿಲ್ಲ. ಅಮಾವಾಸ್ಯೆಗೊಮ್ಮೆ ನನ್ನ ಕೆಳಗೆ ಅಂಗಾತ ಮಲಗಿ, ಪಟ್ಟಿ ಪಟ್ಟಿಯ ನಡುವೆ ಗ್ರೀಸು ತುಂಬುತ್ತಿದ್ದ. ಅವನ ನಂತರ ಮಗ ದಸ್ತಗೀರನೂ ಹಾಗೆಯೇ ಮಾಡಿದ.

ಈಗ ಆ ದಸರೆಯ ಮಾತಿಗೆ ಬರುತ್ತೇನೆ. ಎಪ್ಪತ್ತೆಂಟನೆಯ ಇಸವಿ ಇರಬೇಕು.

ಗದಗಿನ ಸಂಕವ್ವನ ಮಗಳು ಶಾರವ್ವ. ಅವಳನ್ನು ಬೆಟಗೇರಿಯ ತಿಪ್ಪವ್ವನ ಮಗ ಈರಣ್ಣನಿಗೆ ಕೊಟ್ಟಿದ್ದರು. ಎರಡು ಸಲ ಬಸುರಾಗಿ ಎರಡು ಸಲವೂ ಕಳೆದುಕೊಂಡಿದ್ದಳು. ಮೂರನೆಯ ಸಲ ತಾಯಿ ಅವಳನ್ನು ಐದು ತಿಂಗಳಿಗೇ ನನ್ನಲ್ಲಿ ತವರಿಗೆ ಕರೆದುಕೊಂಡು ಹೋಗಿ ಹಾಸಿಗೆಯಿಂದ ಏಳದಂತೆ ನೋಡಿಕೊಂಡಳು. ಎಂಟನೆಯ ತಿಂಗಳು ನಡೆಯುತ್ತಿತ್ತು. ಬನ್ನಿಯ ದಿನ ಮಧ್ಯಾಹ್ನ ರಕ್ತ ಕಾಣಿಸಿಕೊಂಡಿತು. ಊರಿನ ಡಾಕ್ಟರಮ್ಮ ನೋಡಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಿರಿ, ತಡ ಮಾಡಿದರೆ ಕೂಸು ಉಳಿಯುವುದಿಲ್ಲ, ಕುಲುಕಿದರೆ ತಾಯಿಗೂ ಕಷ್ಟ ಎಂದರು.

ದಸ್ತಗೀರ ಊಟದ ತಟ್ಟೆ ಬಿಟ್ಟು ಎದ್ದು ಬಂದ. ಹಿಂದಿನ ದಿನ ಆಯುಧಪೂಜೆಯಾಗಿತ್ತು. ಆ ವರ್ಷ ನಲವತ್ತಕ್ಕೂ ಹೆಚ್ಚು ಹಾರ ಬಂದಿದ್ದವು. ನನ್ನ ಮುಖ ಕಾಣದಷ್ಟು ಹೂವು. ಮೇಲೆ ನೀರು ಬೇರೆ ಚಿಮುಕಿಸಿದ್ದರು. ಯಾರೂ ಅದರ ಕಡೆ ಗಮನ ಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ಶಾರವ್ವನನ್ನು ಮಲಗಿಸಿ, ತಲೆಯನ್ನು ಸಂಕವ್ವ ತೊಡೆಯ ಮೇಲೆ ಇಟ್ಟುಕೊಂಡಳು. ಈರಣ್ಣ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದ. ಮುಂದೆ ದಸ್ತಗೀರನ ಪಕ್ಕದಲ್ಲಿ ಅತ್ತೆ ತಿಪ್ಪವ್ವ ಕೂತಳು.

ಹುಬ್ಬಳ್ಳಿ ಅರವತ್ತು ಕಿಲೋಮೀಟರು. ಇಪ್ಪತ್ತು ದಾಟುವಷ್ಟರಲ್ಲಿ ನನ್ನ ಮೈ ಕಾಯತೊಡಗಿತು. ಅಣ್ಣಿಗೇರಿ ಇನ್ನೂ ಸ್ವಲ್ಪ ದೂರವಿರುವಾಗ ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ನನ್ನ ಬದುಕಿನಲ್ಲಿ ಬಸುರಿಯೊಬ್ಬಳನ್ನು ಹೊತ್ತು ದಾರಿಯಲ್ಲಿ ನಿಂತದ್ದು ಅದೇ ಮೊದಲು. ದಸ್ತಗೀರ ಮೈ ತಣಿಯುವವರೆಗೆ ಕಾದು, ಪಕ್ಕದ ಹೊಲದಿಂದ ನೀರು ತಂದು ಹಾಕಿದ. ಮತ್ತೆ ಹೊರಟೆವು. ಅಣ್ಣಿಗೇರಿ ದಾಟಿ ಐದು ಕಿಲೋಮೀಟರು ಹೋಗುವಷ್ಟರಲ್ಲಿ ಮತ್ತೆ ಉಗಿ.

ಅವನು ಇಳಿದು ಎಲ್ಲವನ್ನೂ ಮುಟ್ಟಿ ನೋಡಿದ.

"ನೀರು ಐತಿ, ಎಣ್ಣಿ ಐತಿ, ಬೆಲ್ಟು ಗಟ್ಟಿ ಐತಿ. ಯಾಕ ಹಿಂಗ ಕಾಯಾಕ ಹತ್ತೇತೋ ತಿಳಿವಲ್ದು ಅವ್ವಾರ."

"ನಿಮ್ಮಪ್ಪ ಇದ್ದಾಗ ಒಂದ್ ದಿನಾನೂ ಹಾದ್ಯಾಗ ನಿಂತಿದ್ದಿಲ್ಲಪಾ ಇದು" ಎಂದಳು ತಿಪ್ಪವ್ವ. "ಕುಬಸದ ಕಾರು ಅಂತ ನಂಬಿ ಬಂದೀವಿ. ನೀ ಏನ್ ಮಾಡಿಟ್ಟೀಯೋ ಏನೋ."

ಒಳಗಿನಿಂದ ಸಂಕವ್ವನ ದನಿ ಬಂತು. "ಬೀಗತೇರ, ಅವನ್ನ ಬೈದ್ರ ಕಾರು ತಣ್ಣಗ ಆಕ್ಕೈತೇನು? ಬೈಯೂದಿದ್ರ ಹುಬ್ಬಳ್ಳಿ ಮುಟ್ಟಿದ ಮ್ಯಾಲೆ ಬೈರಿ. ಆಗ ನಾನೂ ಕೂಡತೀನಿ."

"ಯವ್ವಾ, ಇನ್ನ ಎಷ್ಟ ದೂರ" ಎಂದಳು ಶಾರವ್ವ. ಅವಳ ಭಾರ ನನ್ನ ಮೇಲೆ ಒಂದು ಕಡೆಗೆ ಗಟ್ಟಿಯಾಗಿ ಒತ್ತುತ್ತಿತ್ತು. ನೋವನ್ನು ಹಿಡಿದಿಟ್ಟುಕೊಂಡವರ ಭಾರ ಅದು. ಸೀಟಿಗೆ ಹಾಸಿದ್ದ ಸೀರೆ ಒದ್ದೆಯಾಗುತ್ತಿತ್ತು. ಹುಬ್ಬಳ್ಳಿಗೆ ಇನ್ನೂ ಮೂವತ್ತು ಕಿಲೋಮೀಟರು ಉಳಿದಿತ್ತು. ಹಬ್ಬದ ದಿನವಾದ್ದರಿಂದ ರಸ್ತೆಯಲ್ಲಿ ಬೇರೆ ವಾಹನವೂ ಇರಲಿಲ್ಲ. ಒಂದು ಟ್ರ್ಯಾಕ್ಟರು ಬಂದು ನಿಂತಿತು. ಅದರ ಹಿಂದಿನ ತೊಟ್ಟಿಯನ್ನು ನೋಡಿ ಸಂಕವ್ವ ಬೇಡವೆಂದು ತಲೆಯಾಡಿಸಿದಳು.

ಎಲ್ಲಿ ಹಿಡಿದಿದೆ ಎಂದು ನನಗೆ ಗೊತ್ತಿತ್ತು, ಹೇಳುವ ಬಾಯಿ ಇರಲಿಲ್ಲ.

ಮಗಳ ತಲೆಯ ಕೆಳಗೆ ಮಡಚಿದ ಕೌದಿ ಇಟ್ಟು, ಗಾಳಿ ಬರಲೆಂದು ಸಂಕವ್ವ ಬಾಗಿಲು ತೆರೆದು ಇಳಿದಳು. ನನ್ನ ಮುಂದೆ ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿದಳು.

"ದಸ್ತಗೀರಾ, ಇದು ಉಸಿರು ಆಡೂದು ಎಲ್ಲಿಂದ?"

"ಮುಂದ, ಈ ಜಾಳಿಗಿಂದ ಗಾಳಿ ಒಳಗ ಹೋಗಬೇಕ್ರಿ."

"ಜಾಳಿಗಿ ಎಲ್ಲೈತಿ? ಬರೀ ಹೂವ ಕಾಣತಾವು. ಕೂಸಿನ ಮೂಗಿನ ಮ್ಯಾಲೆ ದುಪ್ಪಟಿ ಹೊಚ್ಚಿದಂಗ ಹೊಚ್ಚೀರಲ್ಲ."

ದಸ್ತಗೀರ ಹೂವಿನ ಮೇಲೆ ಅಂಗೈ ಇಟ್ಟ. ನಾಲ್ಕು ಬೆರಳಿನಷ್ಟು ದಪ್ಪ, ಒದ್ದೆಯಾಗಿ ಅಂಟಿಕೊಂಡಿತ್ತು. ಗಾಳಿ ಹಾಯಲು ದಾರಿಯೇ ಇರಲಿಲ್ಲ. ಅವನಿಗೆ ಅರ್ಥವಾಯಿತು. ಆದರೂ ಕೈ ಮುಂದೆ ಹೋಗಲಿಲ್ಲ.

"ಬನ್ನಿ ಮುರಿಯೂತನಕ ತಗೀಬಾರದಲ್ರಿ" ಎಂದ. "ಒಂದೊಂದು ಹಾರ ಒಂದೊಂದು ಕೂಸಿನ ಹೆಸರಿಂದು. ನಾ ಹರದು ಏನರ ಆದ್ರ, ಊರಾಗ ಯಾವ ತಾಯಿಗೆ ಮಾರಿ ತೋರಸಲಿ?"

ಆ ನಲವತ್ತು ಹಾರಗಳಲ್ಲಿ ಸಂಕವ್ವನ ಮನೆಯದು ಒಂದೂ ಇರಲಿಲ್ಲ. ಬೇರೆಯವರ ಮಕ್ಕಳ ಹೂವನ್ನು ಕೀಳು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಆಗ ತಿಪ್ಪವ್ವ ಇಳಿದಳು. ಸೆರಗು ಸಿಕ್ಕಿಸಿಕೊಂಡು ಬಂದು, ಹೂವಿನ ರಾಶಿಯಲ್ಲಿ ಕೈಯಾಡಿಸಿ ಹುಡುಕಿದಳು. ನಡುವೆ ಕೆಂಪು ದಾರ ಹಾಕಿ ಕಟ್ಟಿದ ಒಂದು ಹಾರ ಸಿಕ್ಕಿತು.

"ಇದು ನಂದು" ಎಂದಳು. "ಈರಣ್ಣ ಹೊಟ್ಟ್ಯಾಗಿದ್ದಾಗ ಇದರಾಗ ಮುಂಡರಗಿಗೆ ಹೋಗಿದ್ದೆ. ಇಪ್ಪತ್ತಾರು ವರ್ಷ ಆತು, ಒಂದ್ ವರ್ಷ ತಪ್ಪಿಸಿಲ್ಲ."

ಕಣ್ಣಿಗೆ ಒಂದು ಸಲ ಒತ್ತಿಕೊಂಡು, ಹಾರವನ್ನು ಎಳೆದು ಹರಿದಳು.

"ಮೊದಲ ನಂದ ತಗದೀನಿ. ಯಾರರ ಕೇಳಿದ್ರ ತಿಪ್ಪವ್ವ ತಗದಳು ಅಂತ ಹೇಳು. ಕೇಳಾಕ ಬರಾಕಿ ನನ್ನ ಮನಿಗೆ ಬರಲಿ. ನಿಂತೀಯೇನು? ಕೀಳ."

ಮೂವರೂ ಸೇರಿ ಕಿತ್ತರು. ಚೆಂಡುಹೂವಿನ ರಾಶಿ ರಸ್ತೆಯ ಬದಿಯಲ್ಲಿ ಮೊಣಕಾಲೆತ್ತರ ಬಿತ್ತು. ಕೊನೆಯ ಎಳೆ ಹೋದಾಗ ನನ್ನೊಳಕ್ಕೆ ಗಾಳಿ ನುಗ್ಗಿತು. ಹೊಲದ ಗಾಳಿ, ಜೋಳದ ವಾಸನೆಯ ಗಾಳಿ. ದಸ್ತಗೀರ ಇಂಜಿನ್ನು ಚಾಲೂ ಮಾಡಿದ. ಕಾವು ತೋರಿಸುವ ಮುಳ್ಳು ಮೇಲೇರಲಿಲ್ಲ. ಒಂದು ಕಿಲೋಮೀಟರು ಆಯಿತು, ಐದು ಆಯಿತು, ಏರಲಿಲ್ಲ. ತಿಪ್ಪವ್ವ ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಹಾಲು ಕಾಯಲಿಟ್ಟು ಒಲೆಯ ಮುಂದೆ ಕೂತವಳಂತೆ ಕೂತಿದ್ದಳು. ತಗ್ಗು ಬಂದಲ್ಲೆಲ್ಲ ನನ್ನ ಹಳೆಯ ಪಾಟಾಗಳು ಮೆಲ್ಲಗೆ ಬಾಗಿ ಮೆಲ್ಲಗೆ ಎದ್ದವು. ಹಿಂದಿನ ಸೀಟಿಗೆ ಒಂದು ಪೆಟ್ಟೂ ಹೋಗಗೊಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಶಾರವ್ವನನ್ನು ಇಳಿಸಿಕೊಂಡರು. ನಾನು ಬೇವಿನ ಮರದ ಕೆಳಗೆ ನಿಂತೆ. ದಸ್ತಗೀರ ನನ್ನ ಮೆಟ್ಟಿಲ ಮೇಲೆ ಕೂತು ತಲೆ ತಗ್ಗಿಸಿಕೊಂಡಿದ್ದ. ಬಿಸಿಲು ಇಳಿಯುವ ಹೊತ್ತಿಗೆ ತಿಪ್ಪವ್ವ ಹೊರಗೆ ಬಂದಳು. ಅವಳ ನಡಿಗೆಯಿಂದಲೇ ನನಗೆ ತಿಳಿಯಿತು.

"ಹೆಣ್ಣು ಕೂಸು" ಎಂದಳು. "ಸಣ್ಣದು ಐತಿ, ಅಂಗೈಯಷ್ಟು. ಆದ್ರ ದನಿ ದೊಡ್ಡದು, ನನ್ನಂಗ. ತಾಯಿ ಆರಾಮ ಅದಾಳ."

ದಸ್ತಗೀರ ಬಹಳ ಹೊತ್ತು ತನ್ನ ಮುಖವನ್ನು ಎರಡೂ ಕೈಗಳಿಂದ ಒರೆಸಿಕೊಂಡ.

"ಬೈಬೇಕಂತ ಮಾಡಿದ್ದೆ" ಎಂದಳು ತಿಪ್ಪವ್ವ. "ಮರತ ಹೋತು. ಹೋಗು, ಚಾ ಕುಡದು ಬಾ."

ಮರುದಿನ ಅವನು ಬೋಳು ಮುಖದ ನನ್ನನ್ನು ಗದಗಿಗೆ ತಂದಾಗ ಓಣಿಯ ಹೆಂಗಸರು ಗಾಬರಿಯಾಗಿ ಬಾಗಿಲಿಗೆ ಬಂದರು. ಅವನು ಸುದ್ದಿ ಹೇಳಿದ. ಯಾರೂ ಹಾರದ ಮಾತೆತ್ತಲಿಲ್ಲ. ಒಬ್ಬಳು ಮಾತ್ರ ಬನ್ನಿ ಎಲೆ ತಂದು ನನ್ನ ಬಾನೆಟ್ಟಿನ ಮೇಲೆ ಇಟ್ಟು, "ಬಂಗಾರದಂಗ ಇರು" ಎಂದಳು.

ಮೂರು ವಾರದ ಮೇಲೆ ಶಾರವ್ವನನ್ನು ನಾನೇ ಕರೆತಂದೆ. ಅವಳ ಭಾರ ಹಗುರವಾಗಿ, ಹರಡಿಕೊಂಡು ಕೂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಭಾರ. ನನಗೆ ತಿಳಿದೂ ತಿಳಿಯದಷ್ಟು.

ಮುಂದಿನ ವರ್ಷದಿಂದ ಹಾರಗಳೆಲ್ಲ ನನ್ನ ತಲೆಯ ಮೇಲೆ ಬಿದ್ದವು. ತಿಪ್ಪವ್ವ ಪೂಜೆ ಮುಗಿಯುವವರೆಗೂ ನನ್ನ ಮುಂದೆ ಕೋಲು ಹಿಡಿದು ಕೂರುತ್ತಿದ್ದಳು.

ಈಗ ನನಗೆ ವಯಸ್ಸಾಗಿದೆ. ದಸ್ತಗೀರನಿಗೂ ಆಗಿದೆ. ಅವನ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿದ್ದೇನೆ. ಕೆಲವು ವರ್ಷಗಳ ಹಿಂದೆ ಪುಣೆಯಿಂದ ಒಬ್ಬರು ಹಳೆಯ ಕಾರು ಕೂಡಿಸುವವರು ಬಂದಿದ್ದರು. ಆಲ್ಡರ್ಟನ್ ಹೆಸರಿಗೆ ಈಗ ಮತ್ತೆ ಬೆಲೆ ಬಂದಿದೆಯಂತೆ. ಬಾನೆಟ್ಟು ಎತ್ತಿ ಜೀಪಿನ ಇಂಜಿನ್ನು ನೋಡಿ ಅವರ ಮುಖ ಸಣ್ಣದಾಯಿತು. ಇದು ಅಸಲು ಅಲ್ಲ ಎಂದು ಹೊರಟುಹೋದರು. ಬೇಸರವಾಗಲಿಲ್ಲ ನನಗೆ. ಹೆಸರು ಹೊರುವುದು ಜನರನ್ನು ಹೊರುವುದಕ್ಕಿಂತ ಭಾರದ ಕೆಲಸ. ಅದು ಇಳಿದರೆ ಇಳಿಯಲಿ.

ಹೊರಗೆ ರಸ್ತೆ ಅಗಲವಾಗಿದೆ, ನುಣುಪಾಗಿದೆ. ಕರೆದರೆ ಮನೆಯ ಬಾಗಿಲಿಗೇ ಆಂಬುಲೆನ್ಸು ಬರುತ್ತದೆ. ದಸ್ತಗೀರನ ಕಿರಿಯ ಸೊಸೆ ಪರ್ವೀನ್ ಈಗ ಏಳು ತಿಂಗಳ ಬಸುರಿ. ಮೊನ್ನೆ ತಪಾಸಣೆಗೆಂದು ಆಟೋ ಹತ್ತಿ ಹೋದಳು. ಶೆಡ್ಡಿನ ಮುಂದೆಯೇ ಹತ್ತಿದಳು, ನನ್ನ ಕಡೆ ನೋಡಲಿಲ್ಲ. ಎಲ್ಲ ಸರಿ ಇದೆಯಂತೆ ಎಂದು ಬಂದು ಹೇಳಿ, ಒಗೆದ ಬಟ್ಟೆಗಳನ್ನು ನನ್ನ ಬಾನೆಟ್ಟಿನ ಮೇಲೆ ಹರವಿ ಒಳಗೆ ಹೋದಳು.

ಅವಳಿಗೆ ನನ್ನ ಅಗತ್ಯವೇ ಬೀಳಲಿಲ್ಲ. ಆ ಇಡೀ ಮಧ್ಯಾಹ್ನ ಒದ್ದೆ ಬಟ್ಟೆ ಹೊದ್ದುಕೊಂಡು ತಂಪಾಗಿ ನಿಂತಿದ್ದೆ.