ಅರ್ಧ ದುಡ್ಡಿನ ವಾರ

ನಮ್ಮ ಮನೆಯಲ್ಲಿ ರಾತ್ರಿ ಊಟದ ದುಡ್ಡೇ ಬೇರೆ. ಬೆಳಗ್ಗೆ, ಮಧ್ಯಾಹ್ನ ಯಾರು ಎಲ್ಲಿ ಏನು ತಿನ್ನುತ್ತಾರೋ ಅವರವರ ಹಣೆಬರಹ. ರಾತ್ರಿ ಮಾತ್ರ ಐದೂ ಜನ ಒಂದೇ ಮೇಜಿಗೆ ಕೂರಬೇಕು. ಅದಕ್ಕೆಂದು ನಮ್ಮ ಯಜಮಾನರು ಪ್ರತಿ ಭಾನುವಾರ ಬೆಳಗ್ಗೆ ಬಿಸ್ಕತ್ತಿನ ಹಳೇ ಡಬ್ಬಿಗೆ ವಾರದ ದುಡ್ಡು ಎಣಿಸಿ ಹಾಕಿ ಅಡುಗೆಮನೆಯ ಹಲಗೆಯ ಮೇಲಿಡುತ್ತಾರೆ. ಅವರದು ತಕ್ಕಡಿ ರಿಪೇರಿ ಅಂಗಡಿ. ದಿನವಿಡೀ ಬೇರೆಯವರ ತೂಕದಲ್ಲಿ ತಪ್ಪು ಹುಡುಕುವ ಮನುಷ್ಯ, ಮನೆಗೆ ಬಂದ ಮೇಲೆ ಸುಮ್ಮನಿರುತ್ತಾರೆಯೇ? ಡಬ್ಬಿ ಅಲ್ಲಾಡಿಸಿ ಸದ್ದು ಕೇಳಿಯೇ ಎಷ್ಟು ಉಳಿದಿದೆ ಅಂತ ಹೇಳಬಲ್ಲರು.

ಮೂವತ್ತೊಂದು ವರ್ಷ ಆ ಡಬ್ಬಿಯೂ ನನ್ನದು, ಒಲೆಯೂ ನನ್ನದು. ಮಗನಿಗೆ ಮದುವೆಯಾದ ಮೇಲೆ ಒಲೆ ಸೊಸೆಯ ಪಾಲಾಯಿತು, ಡಬ್ಬಿ ಮಾತ್ರ ನನ್ನಲ್ಲೇ ಉಳಿಯಿತು. ಮೂರು ವರ್ಷದಿಂದ ಸೊಂಟ ನೋವು ಅಂತ ಹೇಳಿಕೊಂಡು ಸಂಜೆ ಹೊತ್ತು ಕಾಲು ಚಾಚಿ ಕೂರುತ್ತಿದ್ದೇನೆ. ಆ ಸುಖ ಎಂಥದ್ದು ಅಂತ ಮೂವತ್ತೊಂದು ವರ್ಷ ನಿಂತವಳಿಗೇ ಗೊತ್ತು. ಅದನ್ನು ಯಾರಾದರೂ ಕಿತ್ತುಕೊಳ್ಳಲು ಬಂದರೆ ಸುಮ್ಮನೆ ಬಿಟ್ಟುಕೊಡುವಷ್ಟು ಒಳ್ಳೆಯವಳು ನಾನಲ್ಲ. ಮೊದಲೇ ಹೇಳಿಬಿಡುತ್ತೇನೆ.

ಕಿತ್ತುಕೊಳ್ಳಲು ಬಂದವಳು ಸೊಸೆಯೇ. ಮದುವೆಗೆ ಮುಂಚೆ ನರ್ಸ್ ಓದುತ್ತಿದ್ದಳಂತೆ, ಕೊನೆಯ ಪರೀಕ್ಷೆಯೊಂದು ಬಾಕಿ. ಅದು ಪಾಸಾದರೆ ಅವಳು ಕೆಲಸಕ್ಕೆ ಹೋಗುತ್ತಾಳೆ, ಒಲೆ ಮತ್ತೆ ನನ್ನ ಪಾಲಿಗೆ. ಆ ಓದಿಗೇ ನಾನು ಅವಳನ್ನು ನರ್ಸಮ್ಮ ಅಂತ ಕರೆಯುವುದು. ಸಿಟ್ಟಿದ್ದಾಗಲೂ ಹಾಗೇ, ಸಿಟ್ಟಿಲ್ಲದಾಗಲೂ ಹಾಗೇ. ಆ ಶನಿವಾರ ನಾನು ಬಟ್ಟೆ ಮಡಚುತ್ತಿದ್ದೆ. ಬಂದು ಪಕ್ಕದಲ್ಲಿ ನಿಂತಳು.

"ಅತ್ತೆ, ಪರೀಕ್ಷೆ ಫೀಸು ಕಟ್ಟೋಕೆ ಇನ್ನು ಒಂಬತ್ತೇ ದಿನ. ಮುಂದಿನ ವಾರ ಬಿಟ್ಟು ಸೋಮವಾರ, ಸಂಜೆ ಐದರೊಳಗೆ ಕಟ್ಟಬೇಕು. ಈ ಸಲ ತಪ್ಪಿದ್ರೆ ನನ್ನ ಹೆಸರು ಹೊಡೆದು ಹಾಕ್ತಾರೆ. ಮತ್ತೆ ಮೊದಲಿಂದ ಓದಬೇಕು."

"ನಿನ್ನ ಗಂಡನ್ನ ಕೇಳು."

"ಅವರು ಸಂಬಳ ಪೂರ್ತಿ ಮಾವನ ಕೈಗೇ ಕೊಡ್ತಾರಲ್ಲ."

"ಹಾಗಾದ್ರೆ ಮಾವನ್ನ ಕೇಳು."

ಮಾವನನ್ನು ಕೇಳಿ ಆಗಿತ್ತು, ಅದು ನನಗೂ ಗೊತ್ತಿತ್ತು. "ಈ ಮನೇಲಿ ಊಟಕ್ಕೇನಾದ್ರೂ ಕಮ್ಮಿಯಾಗಿದೆಯಾ ನಿಂಗೆ?" ಅಂದಿದ್ದರು ಅವರು. ತವರಿನವರೂ ಕೈ ಎತ್ತಿದ್ದರು.

"ಅತ್ತೆ, ವಾರದ ಊಟದ ದುಡ್ಡಲ್ಲಿ ಅರ್ಧ ಉಳಿದ್ರೆ ಫೀಸಿಗೆ ಸರಿಹೋಗುತ್ತೆ. ಒಂದೇ ಒಂದು ವಾರ ಡಬ್ಬಿ ನನ್ನ ಕೈಗೆ ಕೊಡಿ. ಯಾರಿಗೂ ಕಮ್ಮಿ ಮಾಡಲ್ಲ."

ನನಗೆ ನಗು ಬಂತು. ಅರ್ಧವಂತೆ! ಪೂರ್ತಿ ದುಡ್ಡಿನಲ್ಲೇ ಗುರುವಾರ ಬರುವಷ್ಟರಲ್ಲಿ ನನಗೆ ಜೀವ ಬಾಯಿಗೆ ಬರುತ್ತಿತ್ತು. ಇಲ್ಲ ಅಂದರೆ ನಾನು ಕೆಟ್ಟವಳಾಗುತ್ತೇನೆ, ಹೂಂ ಅಂದರೆ ಅವಳೇ ಸೋಲುತ್ತಾಳೆ. ಸೋತ ಮೇಲೆ ಜನ್ಮದಲ್ಲಿ ಬಾಯಿ ಬಿಡುವುದಿಲ್ಲ. ಹಾಗಂತ ಲೆಕ್ಕ ಹಾಕಿದೆ.

"ಸರಿ ಕಣಮ್ಮ ನರ್ಸಮ್ಮ. ಯಾರ ತಟ್ಟೇಲೂ ಒಂದು ತುತ್ತು ಮಿಗಬಾರದು. ಯಾರೂ ಹಸಿದುಕೊಂಡು ಏಳಬಾರದು. ಒಂದು ದಿನ ತಪ್ಪಿದ್ರೂ ಪರೀಕ್ಷೆ ಮಾತು ಈ ಮನೇಲಿ ಇನ್ನು ಎತ್ತಬಾರದು."

"ಗೆದ್ರೆ?"

"ಗೆದ್ರೆ ಉಳಿದದ್ದು ನಿಂದು. ನಾನು ಮಾತು ಕೊಟ್ಟಿದ್ದೀನಿ, ಸಾಕಾ? ಮಾವನಿಗೆ ಮಾತ್ರ ಈಗಲೇ ಹೇಳಬೇಡ, ಸುಮ್ಮನೆ ತಲೆ ತಿಂತಾರೆ."

ಮಗ ಅಲ್ಲೇ ಮಂಚದ ಮೇಲೆ ಬಿದ್ದುಕೊಂಡಿದ್ದ. ಮಗಳು ಕಿಟಕಿ ಹತ್ತಿರ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಇಬ್ಬರೂ ಕೇಳಿಸಿಕೊಂಡರು. ಸೊಸೆಯ ಮುಖ ಅರಳಿದ್ದು ನೋಡಿ ನನಗೆ ಹೊಟ್ಟೆ ಉರಿಯಿತು.

ಮರುದಿನ ಅವಳು ಮಾರುಕಟ್ಟೆಗೆ ಹೋದದ್ದು ಬೆಳಗ್ಗೆಯಲ್ಲ, ಅಂಗಡಿ ಮುಚ್ಚುವ ಹೊತ್ತಿಗೆ. ಒಂದು ಕಡೆ ಕಪ್ಪಾದ ಕೋಸು, ಮೂತಿ ಮುರಿದ ಕ್ಯಾರೆಟ್ಟು, ಮೆತ್ತಗಾದ ಟೊಮೆಟೊ, ಒಂದು ಇಡೀ ಕೋಳಿ. ಬೇಕರಿಯಿಂದ ನಿನ್ನೆಯ ಬ್ರೆಡ್ಡು. ಅದನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತು, ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಏಳು ದಿನದ ಅಡುಗೆ ಬರೆದಳು. ದಿನದ ಮುಂದೆ ಅಡುಗೆ, ಅಡುಗೆಯ ಮುಂದೆ ಖರ್ಚು. ಆಮೇಲೆ ಅದನ್ನು ಅಡುಗೆಮನೆ ಬಾಗಿಲ ಒಳಬದಿಗೆ ಅಂಟಿಸಿದಳು. ಭಾನುವಾರ ಡಬ್ಬಿ ಇಳಿಸುವುದು ಬಿಟ್ಟರೆ ಯಜಮಾನರು ಅಡುಗೆಮನೆಗೆ ಕಾಲಿಡುವವರಲ್ಲ. ಆಸ್ಪತ್ರೆಯಲ್ಲಿ ಮಂಚಕ್ಕೆ ಹಾಳೆ ತಗುಲಿಸುತ್ತಾರಲ್ಲ, ಅದೇ ಅಭ್ಯಾಸವಂತೆ. "ಎದುರಿಗೆ ಬರೆದಿಟ್ರೆ ಕೈ ತಪ್ಪಲ್ಲ ಅತ್ತೆ" ಅಂದಳು. ನಾನು ಮೂಗು ಮುರಿದೆ.

ಭಾನುವಾರ ಕೋಳಿಯ ಅರ್ಧವನ್ನು ಆಲೂಗಡ್ಡೆ ಜೊತೆ ಬೇಯಿಸಿದಳು. ಎಲ್ಲರೂ ಬೆರಳು ಚೀಪಿದರು. ಮೊದಲ ದಿನ ತಾನೇ, ಯಾರು ಬೇಕಾದರೂ ಮಾಡುತ್ತಾರೆ ಅಂತ ನಾನು ಸಮಾಧಾನ ಮಾಡಿಕೊಂಡೆ.

ಸೋಮವಾರ ಉಳಿದ ಮಾಂಸ, ಮೂಳೆ ಎಲ್ಲ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಅವಳು ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಳು. ನಾನು ಎದ್ದೆ, ಉಪ್ಪಿನ ಡಬ್ಬಿಗೆ ಕೈ ಹಾಕಿ ಎರಡು ಹಿಡಿ ಉಪ್ಪು ಪಾತ್ರೆಗೆ ಸುರಿದು ಬಂದು ಕೂತೆ. ಸೊಂಟ ನೋವು ಆಗ ನೆನಪಾಗಲಿಲ್ಲ ನೋಡಿ! ಅವಳು ಬಂದು ರುಚಿ ನೋಡಿದಳು. ಒಂದು ಗಳಿಗೆ ಸೌಟು ಹಿಡಿದು ನಿಂತಳು. ನನ್ನ ಕಡೆ ತಿರುಗಲಿಲ್ಲ. ಅರ್ಧ ತೆಗೆದು ಬೇರೆ ಪಾತ್ರೆಗೆ ಹಾಕಿ ಪಕ್ಕಕ್ಕಿಟ್ಟಳು. ಉಳಿದದ್ದಕ್ಕೆ ನೀರು ಸುರಿದು, ಅಕ್ಕಿ ಹಾಕಿ, ಕ್ಯಾರೆಟ್ಟು ಹೆಚ್ಚಿ ಹಾಕಿ ಗಟ್ಟಿ ಗಂಜಿ ಮಾಡಿದಳು.

"ಯಾಕೆ ನರ್ಸಮ್ಮ, ಏನಾಯ್ತು?"

"ನನ್ನ ಕೈ ಸ್ವಲ್ಪ ಜೋರಾಯ್ತು ಅತ್ತೆ."

ಪಕ್ಕಕ್ಕಿಟ್ಟದ್ದರಲ್ಲಿ ಮಂಗಳವಾರ ಉಪ್ಪೇ ಹಾಕದೆ ಬೇಳೆ, ಕೋಸು ಬೇಯಿಸಿದಳು. ನನ್ನ ಎರಡು ಹಿಡಿ ಉಪ್ಪಿನಿಂದ ಅವಳಿಗೆ ಎರಡು ದಿನದ ಊಟವಾಯಿತು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಬುಧವಾರಕ್ಕೆ ಬರೆದದ್ದು ಮೊಟ್ಟೆ. ಐದು ಜನಕ್ಕೆ ಆರು ಮೊಟ್ಟೆ. ನಾನು ಮಧ್ಯಾಹ್ನವೇ ನನ್ನ ತಮ್ಮನಿಗೆ ಫೋನ್ ಮಾಡಿದೆ. ಲಾರಿ ಓಡಿಸುವವನು. ಅವನದು ಹೊಟ್ಟೆಯಲ್ಲ, ಗೋಡೌನು. ಮೊಟ್ಟೆ ಅಂದರೆ ಒಬ್ಬನೇ ಆರು ನುಂಗುತ್ತಾನೆ. ಬಾಗಿಲಲ್ಲಿ ಅವನನ್ನು ಕಂಡಾಗ ಸೊಸೆಯ ಮುಖ ಬಿಳಿಚಿಕೊಂಡಿತು. ನನಗೆ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ?

ಅವಳು ಆಲೂಗಡ್ಡೆ ಬೇಯಿಸಿ ಕಿವುಚಿದಳು. ಈರುಳ್ಳಿ ಸಣ್ಣಗೆ ಹೆಚ್ಚಿ ಹುರಿದಳು. ಅದರ ಮೇಲೆ ಆರೂ ಮೊಟ್ಟೆ ಒಡೆದು ಕದಡಿ, ಅಗಲವಾದ ಬಾಣಲೆಯಲ್ಲಿ ಬೆರಳು ದಪ್ಪಕ್ಕೆ ಹುಯ್ದು ಎರಡೂ ಕಡೆ ಕೆಂಪಗೆ ಬೇಯಿಸಿದಳು. ಚೌಕ ಚೌಕ ಕತ್ತರಿಸಿ ತಂದಾಗ ಮೊಟ್ಟೆ ಎಷ್ಟು, ಆಲೂಗಡ್ಡೆ ಎಷ್ಟು ಅಂತ ಹೇಳಲು ಸಾಧ್ಯವಿರಲಿಲ್ಲ. ತಮ್ಮ ತಿಂದ, ಮತ್ತೆ ತಿಂದ, ಬೆಲ್ಟ್ ಸಡಿಲ ಮಾಡಿದ.

"ಅಕ್ಕಾ, ನಿನ್ನ ಕೈಯಡುಗೆಗಿಂತ ಇದೇ ಚೆನ್ನಾಗಿದೆ ಬಿಡು!" ಅಂದು ತೇಗಿದ. ದರಿದ್ರದವನು.

ಎಲ್ಲರೂ ಎದ್ದ ಮೇಲೆ ತಟ್ಟೆಯಲ್ಲಿ ಒಂದು ತುಂಡೂ ಇರಲಿಲ್ಲ. ಅವಳು ನನ್ನದು ಆಮೇಲೆ ಅಂತ ಬಡಿಸುತ್ತ ನಿಂತೇ ಇದ್ದವಳು, ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದಳು. ಯಾರೂ ಹಸಿದು ಏಳಬಾರದು ಅನ್ನುವುದು ಷರತ್ತು. ನಿಜ ಹೇಳಬೇಕೆಂದರೆ, ಆ ಷರತ್ತು ಹಾಕುವಾಗ ನಾನು ಅವಳನ್ನು ಎಣಿಸಿರಲೇ ಇಲ್ಲ. ಅವಳೂ ಎಣಿಸಿಕೊಂಡಿರಲಿಲ್ಲ.

ಗುರುವಾರ ಹಳೇ ಬ್ರೆಡ್ಡನ್ನು ಟೊಮೆಟೊ ಗೊಜ್ಜಿನಲ್ಲಿ ಅದ್ದಿ ಸುಟ್ಟಳು. ಶುಕ್ರವಾರ ಕಾಳು. ಶುಕ್ರವಾರ ನಾನು ನಿರ್ಧಾರ ಮಾಡಿಕೊಂಡೇ ಕೂತೆ. ನಾಲ್ಕು ತುತ್ತು ತಟ್ಟೆಯಲ್ಲಿ ಬಿಟ್ಟು ಏಳುವುದು, ಅಷ್ಟೇ. ಆಟ ಮುಗಿಯಿತು. ಆದರೆ ಆ ಹಾಳು ಕಾಳು ಎಷ್ಟು ಹದವಾಗಿ ಬೆಂದಿತ್ತೆಂದರೆ, ಬಾಯಿ ನನ್ನ ಮಾತು ಕೇಳಲಿಲ್ಲ. ನೋಡುತ್ತೇನೆ, ತಟ್ಟೆ ಸವರಿ ಆಗಿದೆ. ಮಗಳು ಕಿಸಕ್ಕನೆ ನಕ್ಕಳು. ಅವಳ ತೊಡೆ ಚಿವುಟಿದೆ.

ಶನಿವಾರ ಮಿಕ್ಕಿದ್ದೆಲ್ಲ ಸೇರಿಸಿ ಏನೋ ಮಾಡಿದಳು, ಅದೂ ಖಾಲಿಯಾಯಿತು. ಊಟವಾದ ಮೇಲೆ ನನ್ನ ಹತ್ತಿರ ಬಂದು ಅರ್ಜಿ ತೋರಿಸಿದಳು. ಫೋಟೊ ಅಂಟಿಸಿದ್ದಳು. ಸೋಮವಾರ ಉಟ್ಟುಕೊಳ್ಳಲು ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದಳು.

"ಅತ್ತೆ, ನೀವು ಒಪ್ಪದೇ ಇದ್ದಿದ್ರೆ ನಂಗೆ ಬೇರೆ ದಾರೀನೇ ಇರಲಿಲ್ಲ. ಕೆಲಸ ಸಿಕ್ಕಿದ್ರೂ ಅಡುಗೆ ನಾನೇ ಮಾಡ್ತೀನಿ, ನಿಮ್ಮನ್ನ ಒಲೆ ಮುಂದೆ ನಿಲ್ಲಿಸಲ್ಲ" ಅಂದಳು. ವಾರದಲ್ಲಿ ಅವಳ ಕೆನ್ನೆ ಒಳಗೆ ಹೋಗಿತ್ತು. ಕೊಟ್ಟುಬಿಡೋಣ, ಹಾಳಾಗಿ ಹೋಗಲಿ ಅಂತಲೇ ಅಂದುಕೊಂಡು ಮಲಗಿದೆ. ಇದನ್ನು ಯಾರೂ ನಂಬದಿದ್ದರೂ ಪರವಾಗಿಲ್ಲ.

ಭಾನುವಾರ ಬೆಳಗ್ಗೆ ಯಜಮಾನರು ದುಡ್ಡು ಹಾಕಲು ಡಬ್ಬಿ ಇಳಿಸಿದರು. ಅಲ್ಲಾಡಿಸಿದರು. ಹುಬ್ಬು ಮೇಲೆ ಹೋಯಿತು. ಮುಚ್ಚಳ ತೆಗೆದು ನೋಡಿದರು, ಅರ್ಧ ಹಾಗೇ ಇದೆ. ಆಮೇಲೆ ಬಾಗಿಲ ಮೇಲಿದ್ದ ಹಾಳೆಯ ಮುಂದೆ ಹೋಗಿ ನಿಂತರು. ಅಂಕಿ ಕಂಡರೆ ಬಿಡುವ ಜನ್ಮವಲ್ಲ ಅದು. ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು, ಬೆರಳಿಟ್ಟು ಕೂಡಿದರು. ನಾವೆಲ್ಲ ಮೇಜಿನ ಸುತ್ತ ಚಹಾ ಕುಡಿಯುತ್ತಿದ್ದೆವು.

"ಇದು ನಿಜವೇನಮ್ಮ?" ಸೊಸೆಯನ್ನು ಕೇಳಿದರು.

"ಹೌದು ಮಾವ."

"ಭೇಷ್!" ಅಂದರು. ಹಾಗೆ ಅವರು ನನಗೆ ಒಂದು ದಿನವೂ ಅಂದದ್ದಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಕೇಳಿಸ್ತೇನೇ? ಬಂದ ನೆಂಟನನ್ನೂ ಸೇರಿಸಿ ಅರ್ಧಕ್ಕೆ ವಾರ ಮುಗಿಸಿದ್ದಾಳೆ. ಇಷ್ಟು ವರ್ಷ ನೀನು ನನ್ನ ಕೈಲಿ ಎರಡರಷ್ಟು ಕಕ್ಕಿಸಿದ್ದೀಯ!"

ಮಗ ಲೋಟದೊಳಗೆ ಮುಖ ಇಟ್ಟ. ನನ್ನ ಕಿವಿ ಸುಟ್ಟುಹೋಯಿತು. ಮೂವತ್ತೊಂದು ವರ್ಷ ಹೊಗೆ ಕುಡಿದದ್ದು, ಕೈ ಸುಟ್ಟುಕೊಂಡದ್ದು, ಜ್ವರದಲ್ಲೂ ಬೇಯಿಸಿ ಹಾಕಿದ್ದು, ಎಲ್ಲ ಒಂದು ಹಾಳೆಯ ಮುಂದೆ ಕಳ್ಳತನವಾಗಿ ಹೋಯಿತು.

ಅವರು ಜೇಬಿಂದ ತೆಗೆದಿದ್ದ ದುಡ್ಡನ್ನು ಮತ್ತೆ ಜೇಬಿಗೇ ಇಟ್ಟುಕೊಂಡರು. "ಈ ವಾರಕ್ಕೆ ಡಬ್ಬೀಲಿ ಇರೋದೇ ಆಯ್ತು. ಇನ್ಮೇಲೆ ವಾರಕ್ಕೆ ಇಷ್ಟೇ."

ಸೊಸೆ ಎದ್ದು ನಿಂತಳು. "ಮಾವ, ಅದು... ಅದು ನನ್ನ ಪರೀಕ್ಷೆ ಫೀಸಿಗೆ. ಉಳಿದದ್ದು ನಂಗೆ ಅಂತ ಅತ್ತೆ ಮಾತು ಕೊಟ್ಟಿದ್ರು. ನಾಳೆ ಕಡೇ ದಿನ."

"ಹೌದೇನೇ?" ಅಂದರು ಅವರು.

ಸೊಸೆ ನನ್ನನ್ನೇ ನೋಡುತ್ತಿದ್ದಳು. ಎಳ್ಳಷ್ಟೂ ಅನುಮಾನ ಇರಲಿಲ್ಲ ಆ ಕಣ್ಣಲ್ಲಿ. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅವರು ಒಂದಿಷ್ಟು ಕೂಗಾಡುತ್ತಿದ್ದರು, ಕೊಡುತ್ತಿದ್ದರು. ಆದರೆ ನನಗೆ ಆ ಭೇಷ್ ಇನ್ನೂ ಕಿವಿಯಲ್ಲಿತ್ತು.

"ನಾನ್ಯಾವಾಗ ಕೊಟ್ಟೆ? ನಂಗೊತ್ತಿಲ್ಲಪ್ಪ" ಅಂದೆ.

"ಅತ್ತೆ!"

"ಏನು ಅತ್ತೆ? ನೀನು ಉಳಿಸಿ ತೋರಿಸ್ತೀನಿ ಅಂದೆ, ನಾನು ತೋರಿಸು ಅಂದೆ. ಅಷ್ಟೇ ಮಾತು."

ಅವಳು ಗಂಡನ ಕಡೆ ತಿರುಗಿದಳು. "ನೀವು ಅಲ್ಲೇ ಇದ್ರಲ್ಲ, ಹೇಳ್ರೀ."

"ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ" ಅಂದ ಮಗ. ಮಗಳು ಬಾಯಿ ತೆರೆದಳು. ನಾನು ನೋಡಿದ ನೋಟಕ್ಕೆ ಮತ್ತೆ ಮುಚ್ಚಿಕೊಂಡಳು. ಅವಳ ಕಾಲೇಜಿನ ಫೀಸೂ ಅಪ್ಪನ ಜೇಬಿನಿಂದಲೇ ಬರಬೇಕಲ್ಲ.

ಯಜಮಾನರು ಡಬ್ಬಿ ಮುಚ್ಚಿ ಹಲಗೆಯ ಮೇಲಿಟ್ಟರು. "ಮನೆಯವರ ಹೊಟ್ಟೆ ಕಟ್ಟಿ ಪರೀಕ್ಷೆನಾ? ಚೆನ್ನಾಗಿದೆ" ಅಂದು ಅಂಗಡಿಗೆ ಹೋದರು. ಸೊಸೆ ಅಳಲಿಲ್ಲ. ಐದೂ ಲೋಟ ಎತ್ತಿಕೊಂಡು ಹೋಗಿ ತೊಳೆದಳು.

ಅರ್ಧಕ್ಕೆ ಇಳಿದದ್ದು ನನ್ನ ಊಟವೂ ಹೌದು, ಅದು ನನಗೆ ಗೊತ್ತಿಲ್ಲವೆಂದಲ್ಲ. ಇನ್ನು ಸಾಯುವ ತನಕ ಕಪ್ಪಾದ ಕೋಸು ತಿನ್ನಬೇಕು. ತಿನ್ನುತ್ತೇನೆ.

ಸೋಮವಾರ ಮಧ್ಯಾಹ್ನ ಅವಳು ಹೊರಗೆ ಹೋಗಬಹುದು, ಯಾರ ಹತ್ತಿರವಾದರೂ ಸಾಲ ತರಬಹುದು ಅಂತ ಕಾದೆ. ಹೋಗಲಿಲ್ಲ. ಇಸ್ತ್ರಿ ಮಾಡಿದ ಸೀರೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ನಾಲ್ಕೂವರೆಗೆ ಕೋಸು ತಂದು ಮೇಜಿನ ಮೇಲಿಟ್ಟು, ಕೆಟ್ಟ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಹೆಚ್ಚತೊಡಗಿದಳು. ನಾನು ಎದುರಿಗೇ ಕಾಲು ಚಾಚಿ ಕೂತಿದ್ದೆ. ಗೋಡೆಯ ಗಡಿಯಾರ ನನ್ನ ತಲೆಯ ಮೇಲಿತ್ತು. ಅವಳು ಕೋಸಿನಿಂದ ಕಣ್ಣೆತ್ತಿ ಅದನ್ನು ನೋಡುವುದು, ಮತ್ತೆ ಹೆಚ್ಚುವುದು. ಹಾಗೇ ಅರ್ಧ ಗಂಟೆ. ಐದಾಯಿತು ಅಂತ ನನಗೆ ಅವಳ ಕೈ ನಿಂತದ್ದರಿಂದ ತಿಳಿಯಿತು.

ಚಾಕು ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅತ್ತೆ, ನಾಳೆಗೆ ಏನು ಮಾಡಲಿ?"

"ಇರೋದ್ರಲ್ಲೇ ಏನಾದ್ರೂ ಮಾಡು" ಅಂದೆ. "ನೀನು ಜಾಣೆಯಲ್ಲ."