ಕೆಂಪು ಪೆನ್ನಿನ ಸಹಿ

ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು, ಮಹಡಿಯ ಮೇಲಿದ್ದ ಸುಬ್ಬಪ್ಪನವರ ಜಾಹೀರಾತು ಏಜೆನ್ಸಿಯಲ್ಲಿ ಒಂದು ಕಟ್ಟಳೆಯಿತ್ತು. ಮದುವೆ ಕಾಗದವೇ ಇರಲಿ, ಜವಳಿ ಅಂಗಡಿಯ ಬ್ಯಾನರೇ ಇರಲಿ, ಶ್ರೇಯಾಂಸನ ಕೆಂಪು ಪೆನ್ನಿನ ಸಹಿ ಬೀಳದೆ ಯಾವುದೂ ಮೆಟ್ಟಿಲಿಳಿಯುವಂತಿರಲಿಲ್ಲ. ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಬಂದವನು ಕಂಪ್ಯೂಟರನ್ನು ತಾನಾಗಿಯೇ ಕಲಿತಿದ್ದ. ಹನ್ನೆರಡು ವರ್ಷಗಳಿಂದ ಯಾರಿಗೆ ಏನು ಸಂಶಯ ಬಂದರೂ ಅವನನ್ನೇ ಕೇಳಬೇಕು. ಸಂಬಳ ಕಡಿಮೆಯಾದರೆ ಸಹಿಸಿಯಾನು, ಕೇಳುವವರು ಕಡಿಮೆಯಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಬಂಟ್ವಾಳ ಪೇಟೆಯ ಝಿಯಾದ್ ಕೆಲಸಕ್ಕೆ ಸೇರಿದ. ಮಂಗಳೂರಿನಲ್ಲಿ ಮಲ್ಟಿಮೀಡಿಯಾ ಕಲಿತು ಬಂದವನು. ಆರೇ ತಿಂಗಳಲ್ಲಿ ಒಂದು ಸಿಡಿ ಮಾಡಿದ. ಪರದೆಯ ಮೇಲೆ ಬಂಟ್ವಾಳದ ಪೇಟೆಬೀದಿ. ಯಾವ ಅಂಗಡಿಯ ಮೇಲೆ ಮೌಸ್ ಒತ್ತಿದರೂ ಬಾಗಿಲು ತೆರೆದು ಅದರ ಕತೆ ಕನ್ನಡದಲ್ಲಿ ಮೂಡುತ್ತಿತ್ತು. ನೋಡಿದ ಶ್ರೇಯಾಂಸನಿಗೆ ಮೊದಲು ಖುಷಿಯಾದದ್ದು ನಿಜ. ಮರುಕ್ಷಣ, ಇದು ತನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಮೂಡುಬಿದಿರೆಯ ಕಾಲೇಜೊಂದರಲ್ಲಿ ತಂತ್ರಜ್ಞಾನ ಮತ್ತು ಇಂಟರಾಕ್ಟಿವ್ ಮೀಡಿಯಾ ಸಮ್ಮೇಳನ ಏರ್ಪಟ್ಟಿತು. ಝಿಯಾದ್ ವೇದಿಕೆಯಲ್ಲಿ ಸಿಡಿ ತೋರಿಸಲಿ, ಶ್ರೇಯಾಂಸ ಜೊತೆಗಿರಲಿ ಎಂದರು ಸುಬ್ಬಪ್ಪ. ಜೊತೆಗಂತೆ! ಮೂಡುಬಿದಿರೆ ಶ್ರೇಯಾಂಸನ ಹುಟ್ಟೂರು. ಅವನ ಹೆಂಡತಿ ತ್ರಿಶಲಾ, ನಮ್ಮವರದ್ದು ದೊಡ್ಡ ಕಾರ್ಯಕ್ರಮ ಉಂಟು ಎಂದು ಬಸದಿಯಲ್ಲಿ ಸಿಕ್ಕವರಿಗೆಲ್ಲ ಆಗಲೇ ಹೇಳಿ ಮುಗಿಸಿದ್ದಳು.

ಸಮ್ಮೇಳನದ ಹಿಂದಿನ ದಿನ ಝಿಯಾದ್ ಕಟ್ಟಳೆ ತಪ್ಪಿಸದೆ ಸಿಡಿಯನ್ನು ಸಹಿಗೆ ತಂದಿಟ್ಟ. ಎರಡು ಅಂಗಡಿ ತೆರೆಯುವಷ್ಟರಲ್ಲೇ ಶ್ರೇಯಾಂಸನ ಕಣ್ಣಿಗೆ ತಪ್ಪು ಬಿತ್ತು. ಕನ್ನಡದ ಅಕ್ಷರಗಳನ್ನು ಚಿತ್ರವಾಗಿ ಬದಲಾಯಿಸಿರಲಿಲ್ಲ. ಆ ಕನ್ನಡ ಫಾಂಟು ಇದ್ದದ್ದು ತಮ್ಮ ಕಚೇರಿಯ ಕಂಪ್ಯೂಟರುಗಳಲ್ಲಿ ಮಾತ್ರ. ಬೇರೆ ಕಡೆ ತೆರೆದರೆ ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಐದು ವರ್ಷದ ಹಿಂದೆ ಅವನೇ ಹಾಗೆ ಒಂದು ಮದುವೆ ಕಾಗದವನ್ನು ಮಂಗಳೂರಿನ ಪ್ರೆಸ್ಸಿಗೆ ಕಳಿಸಿ, ರಜೆಯ ದಿನ ಓಡಿಹೋಗಿ ಗುಟ್ಟಾಗಿ ಸರಿಮಾಡಿ ಬಂದಿದ್ದ. ಅಂದಿನಿಂದ ಎಲ್ಲರ ಕೆಲಸದಲ್ಲೂ ಆ ತಪ್ಪನ್ನು ತಾನೇ ತಿದ್ದಿ ಸಹಿ ಹಾಕುತ್ತಿದ್ದ. ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದ. ಎದುರಿಗೆ ಝಿಯಾದ್ ನಾಳೆಯ ಭಾಷಣವನ್ನು ತುಟಿಯೊಳಗೇ ಉರು ಹೊಡೆಯುತ್ತಿದ್ದ. ಶ್ರೇಯಾಂಸ ಬಾಯಿ ಮುಚ್ಚಿಕೊಂಡು ಸಿಡಿಯ ಕವರಿನ ಮೇಲೆ ಸಹಿ ಎಳೆದ.

ಸಮ್ಮೇಳನದಲ್ಲಿ ಎಲ್ಲರ ಎದೆಗೂ ಒಂದೊಂದು ಬಿಲ್ಲೆ ಸಿಕ್ಕಿಸಿದರು. ಝಿಯಾದನದರಲ್ಲಿ ‘ಉಪನ್ಯಾಸಕರು’, ಶ್ರೇಯಾಂಸನದರಲ್ಲಿ ‘ವೀಕ್ಷಕರು’. ಬೆಂಗಳೂರಿನಿಂದ ಬಂದವರು ಏನೇನೋ ತೋರಿಸಿದರು, ಅವನ ತಲೆಗೆ ಒಂದೂ ಹೋಗಲಿಲ್ಲ. ಕೊನೆಗೆ ಝಿಯಾದನ ಸರದಿ ಬಂತು. ಪರದೆಯ ಮೇಲೆ ಪೇಟೆಬೀದಿ ಮೂಡಿದಾಗ ಸಭೆ ಮೆಚ್ಚಿ ತಲೆಯಾಡಿಸಿತು. ಝಿಯಾದ್ ಜವಳಿ ಅಂಗಡಿಯ ಮೇಲೆ ಒತ್ತಿದ. ಬಾಗಿಲು ತೆರೆಯಿತು, ಒಳಗೆ ಬರೀ ಇಂಗ್ಲಿಷ್ ಅಕ್ಷರಗಳು, ಪ್ರಶ್ನೆಚಿಹ್ನೆಗಳು. ಪಕ್ಕದ ಅಂಗಡಿಯಲ್ಲೂ ಅದೇ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಶ್ರೇಯಾಂಸನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಆ ತರುಣ ಒಂದಾದ ಮೇಲೊಂದು ಅಂಗಡಿಯ ಮೇಲೆ ಒತ್ತುತ್ತಲೇ ಹೋದದ್ದು ಕಂಡಾಗ ಆ ಖುಷಿ ಉಳಿಯಲಿಲ್ಲ.

ಆಮೇಲೆ ಕ್ಯಾಂಟೀನಿನಲ್ಲಿ, ಸಭೆಯಲ್ಲಿ ಕೂತು ಎಲ್ಲ ನೋಡಿದ್ದ ಸುಬ್ಬಪ್ಪನವರೂ ಸೇರಿ, ಮೂವರೂ ಚಾ ಹಿಡಿದು ಕೂತರು. ಸುಬ್ಬಪ್ಪ ಸಿಡಿಯ ಕವರನ್ನು ಮುಂದಕ್ಕೆ ತಳ್ಳಿದರು.

"ಇದಕ್ಕೆ ನಿನ್ನ ಸಹಿ ಉಂಟಲ್ಲ ಶ್ರೇಯಾಂಸ?"

ಝಿಯಾದ್ ಥಟ್ಟನೆ ನಡುವೆ ಬಂದ. "ಅವರನ್ನು ಕೇಳ್ಬೇಡಿ ಸಾರ್. ಇದೆಲ್ಲ ಹೊಸತಲ್ವಾ, ಶ್ರೇಯಾಂಸಣ್ಣನಿಗೆ ಗೊತ್ತಿರ್ಲಿಕ್ಕಿಲ್ಲ. ತಪ್ಪು ನಂದೇ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಶ್ರೇಯಾಂಸ ಬದುಕಿಕೊಳ್ಳುತ್ತಿದ್ದ. ಗೊತ್ತಿಲ್ಲವೇ, ನನಗೇ? ಐದು ವರ್ಷದಿಂದ ನಿಮ್ಮೆಲ್ಲರ ಮಾನ ಉಳಿಸಿದವನು ನಾನು ಮಾರಾಯ ಎಂದು ಕೂಗಬೇಕೆನಿಸಿತು. ಆದರೆ ಗೊತ್ತಿತ್ತು ಎಂದರೆ ಸುಮ್ಮನಿದ್ದದ್ದೇಕೆ ಎಂದೂ ಹೇಳಬೇಕಾಗುತ್ತಿತ್ತು.

"ಹೌದಾ? ನಿನಗೆ ಗೊತ್ತಿರ್ಲಿಲ್ಲವಾ?" ಸುಬ್ಬಪ್ಪ ಕೇಳಿದರು.

"ಇಲ್ಲ," ಎಂದ ಶ್ರೇಯಾಂಸ. "ಗೊತ್ತಿರ್ಲಿಲ್ಲ."

ಸುಬ್ಬಪ್ಪ ಸಿಟ್ಟಾಗಲಿಲ್ಲ. ಹಾಗಾದರೆ ನಾಳೆಯಿಂದ ಝಿಯಾದನೇ ಸಹಿ ಹಾಕಲಿ ಎಂದರು, ರೋಗಿಯನ್ನು ಮಾತಾಡಿಸುವಷ್ಟು ಮೆತ್ತಗೆ. ಝಿಯಾದ್ ಬೇಡವೆಂದ, ಅವರು ಕೇಳಲಿಲ್ಲ. ಹನ್ನೆರಡು ವರ್ಷಗಳಲ್ಲಿ ಶ್ರೇಯಾಂಸ ತನಗೆ ಗೊತ್ತಿಲ್ಲ ಎಂದದ್ದು ಅದೇ ಮೊದಲು. ಇಬ್ಬರೂ ಅದನ್ನು ನಂಬಿದರು.