ಸಿಸ್ಟಮ್ ಮೇಲೆ ಹಾಕಿದ ತಪ್ಪು

ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ವಿಭಾಗದ ಪಕ್ಕಕ್ಕೆ, ವರದಿ ಟೈಪ್ ಮಾಡುವವರ ಪುಟ್ಟ ಕೋಣೆ. ಇದ್ದವರು ಇಬ್ಬರೇ. ಡಾಕ್ಟರು ಮಾತಿನಲ್ಲಿ ರೆಕಾರ್ಡ್ ಮಾಡಿಟ್ಟದ್ದನ್ನು ಕೇಳಿ ಅಕ್ಷರಕ್ಕಿಳಿಸುವುದು ಅವರ ಕೆಲಸ. ಅವರಲ್ಲಿ ಅವಳು ಕೆಲಸಕ್ಕೆ ಸೇರಿ ಆರು ವರ್ಷ. ಎದುರು ಮೇಜಿನವರು, ಅವಳು ಅಣ್ಣ ಎಂದು ಕರೆಯುವವರು, ಹತ್ತೊಂಬತ್ತು ವರ್ಷದಿಂದ ಅಲ್ಲೇ. ಅಣ್ಣನಿಗೆ ಹುಟ್ಟಿನಿಂದ ಕಣ್ಣು ಕಾಣದು. ತೆರೆಯ ಮೇಲಿದ್ದುದನ್ನೆಲ್ಲ ಅವರ ಕಂಪ್ಯೂಟರೇ ಓದಿ ಹೇಳುತ್ತಿತ್ತು, ಬೇರೆಯವರಿಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ.

ಒಂದು ಸೋಮವಾರ ಮ್ಯಾನೇಜರ್ ಮೇಡಂ ಅವಳನ್ನು ಕರೆಸಿದರು.

"ಸಿಸ್ಟಮ್ ಸರಿಯಿಲ್ಲ ಅಂತ ನೀನು ಹೇಳಿ ಹೇಳಿ ನನಗೂ ಸಾಕಾಯ್ತಮ್ಮಾ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಬೇಕೋ ಬೇಡವೋ, ನಿನ್ನ ಅಭಿಪ್ರಾಯ ಬರೆದು ಕೊಡು. ಕಷ್ಟಪಡ್ತಿರೋಳು ನೀನೇ ಅಲ್ವಾ?"

ಮೇಡಂ ಚಾಚಿದ ಖಾಲಿ ಹಾಳೆ ತೆಗೆದುಕೊಂಡು ಅವಳು ಹೊರಬಂದಳು.

ಎಂಟು ತಿಂಗಳ ಹಿಂದೆ ಒಬ್ಬ ಮುದುಕರ ವರದಿಯಲ್ಲಿ ಬಲ ಮೊಣಕಾಲು ಎಡ ಮೊಣಕಾಲಾಗಿತ್ತು. ಆಪರೇಷನ್‌ಗೆ ಮುಂಚೆ ನರ್ಸ್ ಎಡಗಾಲಿಗೆ ಗುರುತು ಹಾಕಲು ಹೋದಾಗ ಅವರೇ, "ಇದಲ್ಲ ತಾಯಿ, ಆ ಕಾಲು" ಎಂದು ಕೂಗಿಕೊಂಡಿದ್ದರಿಂದ ಅನಾಹುತ ತಪ್ಪಿತು. ಅವಳು ಹೊಸದಾಗಿ ಟೈಪ್ ಮಾಡುವ ಬದಲು ಹಿಂದಿನ ದಿನದ ಬೇರೊಬ್ಬರ ವರದಿಯನ್ನೇ ತೆರೆದು, ಅದರ ಮೇಲೇ ಅಷ್ಟಿಷ್ಟು ಬದಲಿಸಿ ಕೈತೊಳೆದುಕೊಂಡಿದ್ದಳು; ಅದರಲ್ಲಿದ್ದ 'ಎಡ' ಹಾಗೇ ಉಳಿದಿತ್ತು. ಡಾಕ್ಟರು ಕೇಳಿದಾಗ ಬಾಯಿಗೆ ಬಂದದ್ದು, "ಸಿಸ್ಟಮ್ ಹಳೇದು ಸಾರ್, ಫೈಲು ಅದಲುಬದಲಾಗಿದೆ." ಎಲ್ಲರೂ ನಂಬಿದರು. ಆಮೇಲೆ ಸಣ್ಣಪುಟ್ಟ ತಪ್ಪಿಗೆಲ್ಲ ಅದೇ ಮಾತು ರೂಢಿಯಾಗಿಹೋಯಿತು.

ಮರುದಿನ ಕಂಪ್ಯೂಟರ್ ರಿಪೇರಿಯವನು ಎರಡೂ ಯಂತ್ರ ತಡಕಾಡಿ ನೋಡಿ ಅವಳಿಗೆ ಹೇಳಿದ. "ಇದಕ್ಕೇನಾಗಿದೆ ಮೇಡಂ? ಇನ್ನೊಂದು ವರ್ಷ ಧಾರಾಳವಾಗಿ ಓಡುತ್ತೆ. ಹೊಸದು ಬೇಕಂದ್ರೆ ಹಾಕ್ತೀನಿ. ಆದ್ರೆ ಸಾರ್‌ದು ಓದಿ ಹೇಳೋ ಸಾಫ್ಟ್‌ವೇರ್ ಇದೆಯಲ್ಲ, ಅದು ಹೊಸದರಲ್ಲಿ ನಡೆಯಲ್ಲ. ಹೊಂದೋ ಅಂಥದ್ದು ಇನ್ನೂ ಬಂದಿಲ್ಲ."

ಅವಳು ಅಣ್ಣನ ಕಡೆ ನೋಡಿದಳು. ಅವರ ಬೆರಳು ಕೀಗಳ ಮೇಲೆ ನಿಂತಿತ್ತು.

"ಅಲ್ಲಿವರೆಗೆ ನೀವೇನು ಮಾಡ್ತೀರ ಅಣ್ಣಾ?"

"ಟೆಲಿಫೋನ್ ಬೋರ್ಡಿನ ಹತ್ರ ಕೂರಿಸ್ತಾರೇನೋ," ಎಂದರು ಅಣ್ಣ. "ನನ್ನ ಮುಖ ನೋಡಿ ಬರೀಬೇಡ ತಂಗಿ. ಇದ್ದದ್ದು ಇದ್ದ ಹಾಗೆ ಬರಿ."

ಆ ಹಾಳೆ ಎರಡು ದಿನ ಅವಳ ಚೀಲದಲ್ಲೇ ಉಳಿಯಿತು. 'ಬೇಕು' ಎಂದರೆ ಅಣ್ಣನ ಕುರ್ಚಿಗೆ ಕುತ್ತು. 'ಬೇಡ' ಎಂದರೆ, ಇಷ್ಟು ದಿನ ಗೋಳಾಡಿದ್ದು ಯಾಕೆಂಬ ಪ್ರಶ್ನೆ. ಅಣ್ಣನಿಗಾಗಿ ತಾನು ಕಷ್ಟ ಸಹಿಸಿಕೊಳ್ಳುತ್ತೇನೆ ಎಂದು ಬರೆದರೆ ಹೇಗೆಂದೂ ಯೋಚಿಸಿದಳು. ತ್ಯಾಗ ಮಾಡಿದ ಹೆಸರೂ ಬಂದೀತು! ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಗುರುವಾರ ಬೆಳಿಗ್ಗೆ ಖಾಲಿ ಹಾಳೆ ಹಿಡಿದುಕೊಂಡೇ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು.

"ಎಂಟು ತಿಂಗಳು ಬಾಯಿಲ್ಲದ ಯಂತ್ರದ ಮೇಲೆ ಗೂಬೆ ಕೂರಿಸಿದೆಯಲ್ಲ," ಎಂದರು ಮೇಡಂ. "ಮೊದಲು ಡಾಕ್ಟರ ಹತ್ರ ಹೋಗಿ ನೀನೇ ಹೇಳು. ಇನ್ಮೇಲೆ ನಿನ್ನ ಒಂದೊಂದು ವರದೀನೂ ಇನ್ನೊಬ್ಬರು ನೋಡಿದ ಮೇಲೇ ಹೊರಗೆ ಹೋಗಬೇಕು. ಹೊಸ ಸಿಸ್ಟಮ್ ವಿಷಯ ಸದ್ಯಕ್ಕೆ ಬಿಡು. ನಿನ್ನ ಎದುರು ಮೇಜಿನವರಿಗೆ ಹೊಂದೋ ಸಾಫ್ಟ್‌ವೇರ್ ಬರಲಿ, ಆಮೇಲೆ ನೋಡೋಣ."

ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಅವಳನ್ನೊಮ್ಮೆ ನೋಡಿ, "ಹೋಗಮ್ಮಾ" ಎಂದರಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೋಣೆಗೆ ಬಂದು ಅಣ್ಣನಿಗೂ ಹೇಳಿದಳು. ಅವರು ಕಿವಿಯಿಂದ ಹೆಡ್‌ಫೋನ್ ತೆಗೆದರು.

"ಗೊತ್ತಿತ್ತು. ಆ ವರದಿ ಟೈಪ್ ಮಾಡೋವಾಗ ನೀನು ಫೋನಲ್ಲಿ ನಿನ್ನ ಅಕ್ಕನ ಹತ್ರ ಕಿಟಕಿ ಪರದೆ ಬಣ್ಣ ಆರಿಸ್ತಿದ್ದೆ. ಹಳದಿ ಬೇಡ್ವೇ ಬೇಡ ಅಂದೆ."

"ಮತ್ತೆ ಯಾಕಣ್ಣಾ ಯಾರಿಗೂ ಹೇಳಲಿಲ್ಲ?"

"ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂದ್ಕೊಂಡೆ."

ಅವರಿಗೆ ತನ್ನ ಮುಖ ಕಾಣದೆಂದು ಅವಳಿಗೆ ಗೊತ್ತು. ಆದರೂ ಗೋಡೆಯ ಕಡೆ ತಿರುಗಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, "ಮೊದಲನೇ ವರದಿ ಮುಗಿದರೆ ನನಗೆ ಕಳಿಸು, ಕೇಳಿ ನೋಡ್ತೀನಿ," ಎಂದರು ಅಣ್ಣ. ಅವಳು ಮೇಜಿನ ಕಡೆ ತಿರುಗಿ, ಹೊಸ ಖಾಲಿ ಪುಟವೊಂದನ್ನು ತೆರೆದಳು.